ನಿದ್ದೆಗೆಟ್ಟವರ ತಪ್ಪೊಪ್ಪಿಗೆ

ಸ್ಕಾಟ್ಲೆಂಡಿನಲ್ಲಿ 1563ರಿಂದ 1736ರವರೆಗೆ ಮಾಟ ಮಾಡುವುದು ಮರಣದಂಡನೆಯ ಅಪರಾಧವಾಗಿತ್ತು. ಆ ಅವಧಿಯಲ್ಲಿ ನಾಲ್ಕು ಸಾವಿರದಷ್ಟು ಜನ ಆರೋಪಿಗಳಾದರು. ಅವರಲ್ಲಿ ಹೆಂಗಸರೇ ಹೆಚ್ಚು. ಅರ್ಜಿ, ಅಪ್ಪಣೆ, ಸಾಕ್ಷಿ, ಸಹಿ ಯಾವುದಕ್ಕೂ ಕೊರತೆಯಿಲ್ಲದೆ ಕ್ರಮಬದ್ಧವಾಗಿ ನಡೆದ ಆ ಕೊಲೆಗಳ ಕಥೆ ಇದು.

ಅಬರ್ಡೀನ್ ಪಟ್ಟಣದ 1597ರ ಲೆಕ್ಕಪತ್ರದಲ್ಲಿ ಒಂದು ಖರ್ಚಿನ ಪಟ್ಟಿಯಿದೆ. ಜೌಗುನೆಲದಿಂದ ಕೊಯ್ದು ಒಣಗಿಸಿದ ಪೀಟ್ ಉರುವಲು ಇಷ್ಟು ಹೊರೆ, ಕಲ್ಲಿದ್ದಲು ಇಷ್ಟು, ಡಾಂಬರಿನ ಪೀಪಾಯಿ ಇಷ್ಟು, ನೆಡುವುದಕ್ಕೆ ಕಂಬ, ಬಿಗಿಯುವುದಕ್ಕೆ ಹಗ್ಗ, ಕೆಲಸ ಮಾಡಿದವನಿಗೆ ಕೂಲಿ. ಜಾನೆಟ್ ವಿಶಾರ್ಟ್ ಮತ್ತು ಇಸೊಬೆಲ್ ಕಾಕರ್ ಎಂಬ ಇಬ್ಬರು ಹೆಂಗಸರನ್ನು ಕತ್ತು ಹಿಸುಕಿ ಕೊಂದು, ಹೆಣಗಳನ್ನು ಸುಟ್ಟದ್ದಕ್ಕೆ ತಗುಲಿದ ವೆಚ್ಚ ಅದು. ಸೇತುವೆ ರಿಪೇರಿಯ ಲೆಕ್ಕ ಬರೆದಷ್ಟೇ ನಿರುದ್ವೇಗದಿಂದ ಬರೆದಿದ್ದಾರೆ. ಆ ವರ್ಷ ಇಂಥ ಕೆಲಸಗಳ ಮೇಲ್ವಿಚಾರಣೆ ಮಾಡಿದ ವಿಲಿಯಂ ಡನ್ ಎಂಬ ಅಧಿಕಾರಿಯ ಶ್ರಮವನ್ನು ಮೆಚ್ಚಿ ಪುರಸಭೆ ಅವನಿಗೆ ಹಣ ಮಂಜೂರು ಮಾಡಿತು.

ಮಾಟಗಾತಿಯರ ಬೇಟೆ ಎಂದಕೂಡಲೇ ನಮ್ಮ ಕಣ್ಣೆದುರು ಬರುವುದು ದೊಣ್ಣೆ, ಪಂಜು ಹಿಡಿದು ನುಗ್ಗುವ ಜನ. ಸ್ಕಾಟ್ಲೆಂಡಿನ ದಾಖಲೆಗಳು ಬೇರೆಯದೇ ಚಿತ್ರ ಕೊಡುತ್ತವೆ. ಅಲ್ಲಿ ಮುಂದಾಳುಗಳಾಗಿ ನಿಂತವರು ಓದಿದವರು, ದೈವಭಕ್ತರು, ಊರಿನಲ್ಲಿ ಮರ್ಯಾದೆಯುಳ್ಳವರು. ಪಾದ್ರಿ, ಜಮೀನ್ದಾರ, ವಕೀಲ, ಕೊನೆಗೆ ದೊರೆಯೂ. ಪ್ರತಿ ಹೆಜ್ಜೆಗೂ ಕಾಗದವಿತ್ತು. ಆ ಕಾಗದಗಳು ಉಳಿದದ್ದರಿಂದಲೇ ಇಂದು ನಾವು ಆ ಹೆಂಗಸರ ಹೆಸರು ಹೇಳಬಲ್ಲೆವು.

ಎಡಿನ್‌ಬರೋ ವಿಶ್ವವಿದ್ಯಾಲಯದ ಇತಿಹಾಸಕಾರರು ಆ ಕಾಗದಗಳನ್ನೆಲ್ಲ ಜಾಲಾಡಿ 2003ರಲ್ಲಿ ಒಂದು ದತ್ತಾಂಶ ಕೋಶ ಸಿದ್ಧಪಡಿಸಿದರು. ಅದರಲ್ಲಿ 3,837 ಆರೋಪಿಗಳ ಲೆಕ್ಕ ಸಿಗುತ್ತದೆ. ಇವರಲ್ಲಿ ಶೇಕಡ 84ರಷ್ಟು ಹೆಂಗಸರು. ಎಷ್ಟೋ ಮೊಕದ್ದಮೆಗಳ ತೀರ್ಪು ಕಳೆದುಹೋಗಿದ್ದರೂ ಸುಮಾರು 2,500 ಜನ ಪ್ರಾಣ ತೆತ್ತರೆಂಬ ಅಂದಾಜಿದೆ. ಆಗ ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು ಹತ್ತು ಲಕ್ಷ. ಅದರ ನಾಲ್ಕೈದು ಪಟ್ಟು ಜನರಿದ್ದ ನೆರೆಯ ಇಂಗ್ಲೆಂಡಿನಲ್ಲಿ ಇದೇ ಆರೋಪದ ಮೇಲೆ ಸತ್ತವರು ಸುಮಾರು ಐನೂರು. ಜಗತ್ತೆಲ್ಲ ಬಲ್ಲ ಅಮೆರಿಕದ ಸೇಲಂ ಪ್ರಕರಣದಲ್ಲಿ 1692ರಲ್ಲಿ ಗಲ್ಲಿಗೇರಿದವರು 19 ಜನ.

ಶಾಸನ ಬಂತು, ಸಭೆ ಸೇರಿತು

1560ರಲ್ಲಿ ಸ್ಕಾಟ್ಲೆಂಡ್ ಕ್ಯಾಥೊಲಿಕ್ ಮತವನ್ನು ಬಿಟ್ಟು ಪ್ರೊಟೆಸ್ಟೆಂಟ್ ದೇಶವಾಯಿತು. ಹೊಸ ಚರ್ಚಿನ ನಾಯಕರಿಗೆ ಇಡೀ ನಾಡನ್ನು ದೇವರ ಆಜ್ಞೆಯಂತೆ ತಿದ್ದಬೇಕೆಂಬ ಹಟ. ಮೂರು ವರ್ಷಕ್ಕೆ, ರಾಣಿ ಮೇರಿಯ ಕಾಲದ ಸಂಸತ್ತು ಮಾಟದ ವಿರುದ್ಧ ಶಾಸನ ಮಾಡಿತು. ಅದೊಂದು ಚುಟುಕು ಶಾಸನ. ಮಾಟ ಮಾಡಿದವರಿಗೂ ಮಾಟಗಾರರ ಬಳಿ ಹೋಗಿ ಕೇಳಿದವರಿಗೂ ಸಾವೇ ಶಿಕ್ಷೆ ಎಂದಿತು. ಮಾಟವೆಂದರೇನು, ಅದನ್ನು ಸಾಬೀತು ಮಾಡುವುದು ಹೇಗೆ ಎಂಬುದನ್ನು ಹೇಳಲಿಲ್ಲ. ಆ ಖಾಲಿ ಜಾಗವನ್ನು ಮುಂದಿನ ಪಾದ್ರಿಗಳೂ ನ್ಯಾಯಾಧೀಶರೂ ತಮ್ಮ ಭಯಗಳಿಂದ ತುಂಬಿದರು. ಮಾಟಗಾತಿ ಎಂದರೆ ಸೈತಾನನ ಜೊತೆ ಕರಾರು ಮಾಡಿಕೊಂಡವಳು, ದೀಕ್ಷಾಸ್ನಾನವನ್ನು ಧಿಕ್ಕರಿಸಿದವಳು, ದೇವರಿಗೂ ದೇಶಕ್ಕೂ ದ್ರೋಹ ಬಗೆದವಳು ಎಂಬ ಅರ್ಥ ಬೆಳೆಯಿತು.

ಆರೋಪ ಹುಟ್ಟುತ್ತಿದ್ದುದು ಹಳ್ಳಿಯಲ್ಲಿ. ಪ್ರತಿ ಪ್ಯಾರಿಷ್‌ಗೂ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೂ, ಪಾದ್ರಿ ಮತ್ತು ಹಿರಿಯರು ಕೂಡುವ ‘ಕರ್ಕ್ ಸೆಷನ್’ ಎಂಬ ಸಭೆ ಇತ್ತು. ಭಾನುವಾರ ದುಡಿದವರು, ವ್ಯಭಿಚಾರ ಮಾಡಿದವರು, ಬೀದಿಜಗಳ ಆಡಿದವರು ಎಲ್ಲರ ವಿಚಾರಣೆಯೂ ಇಲ್ಲೇ. ಮಾಟದ ದೂರೂ ಮೊದಲು ಇಲ್ಲಿಗೇ ಬರುತ್ತಿತ್ತು. ಸಭೆ ಸಾಕ್ಷಿಗಳನ್ನು ಕರೆಸಿ ಹೇಳಿಕೆ ಬರೆಸಿಕೊಂಡು, ಸಾಧ್ಯವಾದರೆ ತಪ್ಪೊಪ್ಪಿಗೆಯನ್ನೂ ಪಡೆದು, ಎಡಿನ್‌ಬರೋದಲ್ಲಿದ್ದ ದೊರೆಯ ಆಡಳಿತ ಮಂಡಳಿಯಾದ ಪ್ರಿವಿ ಕೌನ್ಸಿಲ್‌ಗೆ ಕಳಿಸುತ್ತಿತ್ತು. ಕೌನ್ಸಿಲ್ ಕಡತ ನೋಡಿ ಅದೇ ಊರಿನ ಜಮೀನ್ದಾರರಿಗೆ ವಿಚಾರಣೆಯ ಅಧಿಕಾರ ಕೊಡುತ್ತಿತ್ತು. ಅವರಿಗೆ ಕಾನೂನಿನ ತರಬೇತಿ ಇರಲಿಲ್ಲ. ಜ್ಯೂರಿಯಲ್ಲಿ ಕೂರುವವರು ಆರೋಪಿಯ ಅಕ್ಕಪಕ್ಕದ ಗಂಡಸರು. ತಪ್ಪೊಪ್ಪಿಗೆ ಕೈಯಲ್ಲಿರುವಾಗ ವಿಚಾರಣೆ ಬರೀ ಶಾಸ್ತ್ರ. ತೀರ್ಪಿನ ಬೆನ್ನಿಗೇ ಕಂಬ ನೆಡುತ್ತಿದ್ದರು.

ಈ ಯಂತ್ರ ಎಲ್ಲ ವರ್ಷಗಳಲ್ಲೂ ಒಂದೇ ವೇಗದಲ್ಲಿ ಓಡಲಿಲ್ಲ. 1590–91, 1597, 1628–30, 1649–50, 1661–62: ಹೀಗೆ ಐದು ಸಲ ಅಲೆ ಎದ್ದಿತು. ಒಬ್ಬಳು ಸಿಕ್ಕರೆ ‘ನಿನ್ನ ಜೊತೆ ಇನ್ನಾರಿದ್ದರು?’ ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಅವಳು ಬಾಯಿಬಿಟ್ಟ ಹೆಸರುಗಳಿಂದ ಮುಂದಿನ ಬಂಧನಗಳಾಗುತ್ತಿದ್ದವು.

ದೊರೆಯ ಹಡಗು, ಬಿರುಗಾಳಿಯ ಹೊಣೆ

ಮೊದಲ ದೊಡ್ಡ ಅಲೆಗೆ ನೆಪವಾದದ್ದು ಒಂದು ಮದುವೆ. 1589ರಲ್ಲಿ ದೊರೆ ಆರನೆಯ ಜೇಮ್ಸ್‌ನಿಗೆ ಡೆನ್ಮಾರ್ಕಿನ ರಾಜಕುಮಾರಿ ಆ್ಯನ್ ಜೊತೆ ಲಗ್ನ ಗೊತ್ತಾಯಿತು. ಹೆಣ್ಣನ್ನು ಕರೆತರುತ್ತಿದ್ದ ಹಡಗುಗಳು ಬಿರುಗಾಳಿಗೆ ಸಿಕ್ಕಿ ನಾರ್ವೆಯ ದಡ ಸೇರಿದವು. ಜೇಮ್ಸ್ ತಾನೇ ಹೋಗಿ ಮದುವೆಯಾಗಿ, ಚಳಿಗಾಲ ಕಳೆದು, 1590ರ ಮೇ ತಿಂಗಳಲ್ಲಿ ಹೆಂಡತಿಯೊಡನೆ ಮರಳಿದ. ಅದೇ ವರ್ಷ ಕೋಪನ್‌ಹೇಗನ್‌ನಲ್ಲಿ ಬಿರುಗಾಳಿ ಎಬ್ಬಿಸಿದ ಆರೋಪ ಹೊರಿಸಿ ಕೆಲವು ಹೆಂಗಸರನ್ನು ಸುಟ್ಟರು. ಆ ಸುದ್ದಿ ಸಮುದ್ರ ದಾಟಿ ಸ್ಕಾಟ್ಲೆಂಡಿಗೂ ಬಂತು.

ಎಡಿನ್‌ಬರೋಗೆ ಪೂರ್ವಕ್ಕಿರುವ ಟ್ರನೆಂಟ್‌ನಲ್ಲಿ ಡೇವಿಡ್ ಸೀಟನ್ ಎಂಬ ಅಧಿಕಾರಿಯ ಮನೆಯಲ್ಲಿ ಗೀಲಿಸ್ ಡಂಕನ್ ಎಂಬ ಕೆಲಸದ ಹುಡುಗಿಯಿದ್ದಳು. ಅವಳ ಕೈಗುಣದಿಂದ ರೋಗಿಗಳು ಚೇತರಿಸಿಕೊಳ್ಳುತ್ತಿದ್ದರು. ರಾತ್ರಿ ಹೊತ್ತು ಮನೆ ಬಿಟ್ಟು ಹೋಗುತ್ತಿದ್ದಳು. ಯಜಮಾನನಿಗೆ ಅನುಮಾನ ಬರಲು ಅಷ್ಟು ಸಾಕಾಯಿತು. ಅವನು ಬೆರಳುಗಳನ್ನು ಇಕ್ಕುಳದಲ್ಲಿ ಹಿಂಡಿಸಿದ, ತಲೆಗೆ ಹಗ್ಗ ಸುತ್ತಿ ಬಿಗಿಸಿದ. ಅವಳು ಒಪ್ಪಿಕೊಂಡಳು, ಹೆಸರುಗಳನ್ನೂ ಹೇಳಿದಳು.

ಆ ಹೆಸರುಗಳಲ್ಲಿ ಆಗ್ನೆಸ್ ಸ್ಯಾಂಪ್ಸನ್ ಒಬ್ಬಳು. ವಯಸ್ಸಾದ ವಿಧವೆ, ಸೂಲಗಿತ್ತಿ. ಕಾಯಿಲೆ ಬಿದ್ದವರಿಗಾಗಿ ಪ್ರಾರ್ಥನೆ ಹೇಳಿ ಮದ್ದು ಕೊಡುತ್ತಿದ್ದವಳು. ದೊಡ್ಡ ಮನೆತನದವರೂ ಅವಳನ್ನು ಕರೆಸಿಕೊಳ್ಳುತ್ತಿದ್ದರು. ಅವಳನ್ನು ಹಾಲಿರೂಡ್ ಅರಮನೆಗೆ ತಂದು ದೊರೆಯ ಮುಂದೆ ನಿಲ್ಲಿಸಿದರು. ಮೊದಲು ಆಕೆ ಏನನ್ನೂ ಒಪ್ಪಲಿಲ್ಲ. ಮೈಯ ಕೂದಲನ್ನೆಲ್ಲ ಬೋಳಿಸಿ ಸೈತಾನನ ಗುರುತು ಹುಡುಕಿ, ತಲೆಗೆ ಹಗ್ಗ ಬಿಗಿದು ಹಿಂಸಿಸಿದ ಮೇಲೆ ಒಪ್ಪಿದಳು. 1591ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಕರಪತ್ರ ಈ ತಪ್ಪೊಪ್ಪಿಗೆಗಳಿಗೆ ಮಸಾಲೆ ಹಚ್ಚಿ ಹರಡಿತು: ನಾರ್ತ್ ಬೆರಿಕ್‌ನ ಚರ್ಚಿನಲ್ಲಿ ರಾತ್ರಿ ಕೂಟ ಸೇರಿತ್ತಂತೆ, ಸೈತಾನ ಪ್ರವಚನ ಮಾಡಿದನಂತೆ, ಹೆಣದ ಅಂಗಾಂಗಗಳನ್ನು ಬೆಕ್ಕಿಗೆ ಕಟ್ಟಿ ಸಮುದ್ರಕ್ಕೆ ಎಸೆದು ಬಿರುಗಾಳಿ ಎಬ್ಬಿಸಿದರಂತೆ. ಆ ವರ್ಷದ ಜನವರಿಯಲ್ಲಿ ಆಗ್ನೆಸ್‌ಳ ಕತ್ತು ಬಿಗಿದು ಎಡಿನ್‌ಬರೋ ಕೋಟೆಯ ಗುಡ್ಡದಲ್ಲಿ ಸುಟ್ಟರು.

ಶಾಲಾ ಮಾಸ್ತರ ಜಾನ್ ಫಿಯಾನ್ ಕಾಲು ಜಜ್ಜುವ ಕಬ್ಬಿಣದ ಬೂಟಿನ ಹಿಂಸೆಗೆ ಒಪ್ಪಿಕೊಂಡು, ಆಮೇಲೆ ಎಲ್ಲ ಸುಳ್ಳೆಂದ. ಅವನನ್ನೂ ಕೊಂದರು. ನ್ಯಾಯಾಧೀಶರೊಬ್ಬರ ಮಗಳು ಯುಫೇಮ್ ಮಕಾಲಿಯನ್‌ಳಿಗೆ ಕತ್ತು ಹಿಸುಕುವ ಕರುಣೆಯೂ ಸಿಗಲಿಲ್ಲ. ಅವಳನ್ನು ಜೀವಂತವಾಗಿ ಸುಟ್ಟರು. ಹೆರಿಗೆಯ ನೋವು ಕಡಿಮೆ ಮಾಡಿಕೊಳ್ಳಲು ಉಪಾಯ ಹುಡುಕಿದ್ದೂ ಅವಳ ಮೇಲಿನ ಆರೋಪಗಳಲ್ಲಿ ಒಂದು. ಬಾರ್ಬರಾ ನೇಪಿಯರ್ ಎಂಬಾಕೆಯನ್ನು ಜ್ಯೂರಿ ಮುಖ್ಯ ಆರೋಪದಿಂದ ಬಿಡುಗಡೆ ಮಾಡಿದಾಗ ದೊರೆ ಕೆರಳಿ ಆ ಜ್ಯೂರಿಯವರ ಮೇಲೆಯೇ ಮೊಕದ್ದಮೆ ಹೂಡಿಸಿದ. ಈ ಇಬ್ಬರು ಹೆಂಗಸರ ಹೆಸರನ್ನೂ ತನ್ನಿಂದ ಬಲವಂತವಾಗಿ ಹೇಳಿಸಿದರೆಂದು ಗೀಲಿಸ್ ಸಾಯುವ ಮುನ್ನ ಹೇಳಿದಳು. ಆ ಮಾತಿಗೆ ಆಗ ಯಾವ ಬೆಲೆಯೂ ಸಿಗಲಿಲ್ಲ.

1597ರಲ್ಲಿ ಜೇಮ್ಸ್ ಮಾಟದ ಅಸ್ತಿತ್ವವನ್ನು ಸಮರ್ಥಿಸಿ ‘ಡೆಮನಾಲಜಿ’ ಎಂಬ ಪುಸ್ತಕವನ್ನೇ ಬರೆದು ಪ್ರಕಟಿಸಿದ. ಅದೇ ವರ್ಷ ಬ್ಯಾಲ್ವೇರಿಯ ಮಾರ್ಗರೆಟ್ ಏಟ್ಕನ್ ಎಂಬವಳು ಜೀವ ಉಳಿಸಿಕೊಳ್ಳಲು, ಕಣ್ಣು ನೋಡಿದರೆ ಸಾಕು ಮಾಟಗಾತಿಯರನ್ನು ಗುರುತಿಸಬಲ್ಲೆನೆಂದಳು. ಅಧಿಕಾರಿಗಳು ಅವಳನ್ನು ಊರೂರಿಗೆ ಕರೆದೊಯ್ದರು. ಅವಳು ಕೈ ತೋರಿಸಿದವರು ಸತ್ತರು. ಕೊನೆಗೊಬ್ಬರು ಪರೀಕ್ಷಿಸಿದರು. ಇಂದು ತಪ್ಪಿತಸ್ಥರೆಂದವರನ್ನೇ ನಾಳೆ ಬೇರೆ ಬಟ್ಟೆಯಲ್ಲಿ ತಂದು ನಿಲ್ಲಿಸಿದರೆ ಅವಳು ನಿರಪರಾಧಿಗಳೆಂದಳು. ಮೋಸ ಬಯಲಾಯಿತು, ಆ ಅಲೆ ಇಳಿಯಿತು. ಸತ್ತವರ ತೀರ್ಪುಗಳು ಹಾಗೆಯೇ ಉಳಿದವು.

ಮೂರು ರಾತ್ರಿ ಎಚ್ಚರ

ಸ್ಕಾಟ್ಲೆಂಡಿನಲ್ಲಿ ಚಿತ್ರಹಿಂಸೆ ಕೊಡಲು ಪ್ರಿವಿ ಕೌನ್ಸಿಲ್‌ನ ಅಪ್ಪಣೆ ಬೇಕಿತ್ತು. ಮಾಟದ ಮೊಕದ್ದಮೆಗಳಲ್ಲಿ ಅಂಥ ಅಪ್ಪಣೆ ಸಿಕ್ಕಿದ್ದು ತೀರ ಅಪರೂಪ. ಹಾಗಿದ್ದರೆ ಇಷ್ಟೊಂದು ಜನ ಹೇಗೆ ಒಪ್ಪಿಕೊಂಡರು? ಹೆಚ್ಚಿನ ಕಡೆ ಕೆಲಸ ಮಾಡಿದ್ದು ನಿದ್ದೆ ಕೊಡದ ಕಾವಲು. ಬಂಧಿಸಿ ತಂದವಳನ್ನು ಪಟ್ಟಣದ ಸೆರೆಯಲ್ಲೋ ಚರ್ಚಿನ ಗೋಪುರದಲ್ಲೋ ಇಟ್ಟು, ಊರವರು ಸರದಿಯ ಮೇಲೆ ಕೂತು ಅವಳ ರೆಪ್ಪೆ ಮುಚ್ಚದಂತೆ ನೋಡಿಕೊಳ್ಳುತ್ತಿದ್ದರು. ಇದನ್ನು ಯಾರೂ ಹಿಂಸೆಯೆಂದು ಕರೆಯಲಿಲ್ಲ. ಕಾವಲು ಅಷ್ಟೇ.

ಎರಡು ಮೂರು ರಾತ್ರಿ ನಿದ್ದೆಯಿಲ್ಲದಿದ್ದರೆ ಯಾರಿಗಾದರೂ ಇಲ್ಲದ್ದು ಕಾಣತೊಡಗುತ್ತದೆ, ಇಲ್ಲದ ದನಿ ಕೇಳುತ್ತದೆ. ಎದುರಿಗೆ ಕೂತ ಪಾದ್ರಿ ಕೇಳುತ್ತಲೇ ಇರುತ್ತಾನೆ: ಸೈತಾನ ನಿನಗೆ ಎಲ್ಲಿ ಸಿಕ್ಕಿದ? ಯಾವ ಬಣ್ಣದ ಬಟ್ಟೆ ತೊಟ್ಟಿದ್ದ? ನಿನಗೆ ಯಾವ ಹೊಸ ಹೆಸರಿಟ್ಟ? ಅವನ ಜೊತೆ ಮಲಗಿದೆಯಾ? ಕೂಟದಲ್ಲಿ ಯಾರಾರಿದ್ದರು? ಊರು ಬೇರೆಯಾದರೂ ಪ್ರಶ್ನೆ ಒಂದೇ, ಹಾಗಾಗಿ ಉತ್ತರಗಳೂ ಒಂದೇ ಅಚ್ಚಿನವು. ತಲೆಯ ಮೇಲೊಂದು ಕೈ, ಅಂಗಾಲಿನ ಕೆಳಗೊಂದು ಕೈಯಿಟ್ಟು, ನಡುವಿನದನ್ನೆಲ್ಲ ಸೈತಾನನಿಗೆ ಒಪ್ಪಿಸಿದೆ ಎಂಬ ಮಾತು ಒಂದರ ನಂತರ ಒಂದು ಹೇಳಿಕೆಯಲ್ಲಿ ಬರುತ್ತದೆ. ಇಷ್ಟು ಜನ ಒಂದೇ ಮಾತು ಹೇಳುತ್ತಿರುವಾಗ ಅದು ನಿಜವೇ ಇರಬೇಕೆಂದು ಪಾದ್ರಿಗಳು ನಂಬಿದರು. ಆ ಮಾತನ್ನು ಅವಳ ಬಾಯಿಗೆ ತುರುಕಿದವರು ತಾವೇ ಎಂಬುದು ಅವರಿಗೆ ಹೊಳೆಯಲಿಲ್ಲ.

ಜೊತೆಗೆ ಸೂಜಿ ಚುಚ್ಚುವವರಿದ್ದರು. ಸೈತಾನ ತನ್ನವರ ಮೈಮೇಲೆ ಗುರುತು ಒತ್ತುತ್ತಾನೆ, ಅಲ್ಲಿ ಚುಚ್ಚಿದರೆ ನೋವಾಗದು, ರಕ್ತ ಬಾರದು ಎಂಬ ನಂಬಿಕೆಯೇ ಇವರ ಬಂಡವಾಳ. ಹೆಂಗಸರನ್ನು ಬೆತ್ತಲೆ ನಿಲ್ಲಿಸಿ ಮೈಯೆಲ್ಲ ಚುಚ್ಚಿ, ಗುರುತು ಸಿಕ್ಕಿತೆಂದು ಹೇಳಿ ಸಂಭಾವನೆ ಪಡೆಯುತ್ತಿದ್ದರು. ಟ್ರನೆಂಟ್‌ನ ಜಾನ್ ಕಿಂಕೇಡ್ ಇದರಲ್ಲಿ ಹೆಸರುವಾಸಿ. 1662ರಲ್ಲಿ ಅಧಿಕಾರಿಗಳು ಕೊನೆಗೂ ಅವನನ್ನು ಸೆರೆಗೆ ಹಾಕಿದರು. ಅದೇ ಹೊತ್ತಿಗೆ ಉತ್ತರದ ಊರುಗಳಲ್ಲಿ ಜಾನ್ ಡಿಕ್ಸನ್ ಎಂಬ ಹೆಸರಿನಲ್ಲಿ ಸೂಜಿ ಹಿಡಿದು ತಿರುಗುತ್ತಿದ್ದವನು ಗಂಡಸೇ ಅಲ್ಲ, ಗಂಡುವೇಷದ ಕ್ರಿಶ್ಚಿಯನ್ ಕ್ಯಾಡೆಲ್ ಎಂಬ ಹೆಂಗಸು ಎಂಬುದು ಬಯಲಾಯಿತು.

1662ರಲ್ಲೇ ಆಲ್ಡರ್ನ್ ಎಂಬಲ್ಲಿ ಇಸೊಬೆಲ್ ಗೌಡಿ ಎಂಬ ರೈತಾಪಿ ಹೆಂಗಸು ಆರು ವಾರಗಳಲ್ಲಿ ನಾಲ್ಕು ಸಲ ಹೇಳಿಕೆ ಕೊಟ್ಟಳು. ಮೊಲವಾಗಿ ಓಡಿದ್ದು, ಗುಡ್ಡದೊಳಗಿನ ಯಕ್ಷಿಣಿಯರ ರಾಣಿಯ ಮನೆಯಲ್ಲಿ ಉಂಡದ್ದು, ಹುಲ್ಲುಕಡ್ಡಿಯೇರಿ ಹಾರಿದ್ದು ಎಲ್ಲವನ್ನೂ ಪದ್ಯಸಮೇತ ಹೇಳಿದಳು. ಅಕ್ಷರ ಬಾರದ ಆ ಹೆಂಗಸಿನ ನೆನಪಿನಲ್ಲಿ ಎಷ್ಟು ಜನಪದ ಕಥೆಗಳಿದ್ದವೋ! ವಿಚಾರಕರ ಪ್ರಶ್ನೆಯ ಸೈತಾನನೂ ಅಜ್ಜಿಕಥೆಯ ಯಕ್ಷಿಣಿಯರೂ ಬೆರೆತ ಆ ಹೇಳಿಕೆ ಇಂದಿಗೂ ಜನಪದ ವಿದ್ವಾಂಸರಿಗೆ ಅಪರೂಪದ ಆಕರ. ಆ ಸಂಪತ್ತನ್ನು ಹೀಗೆ ಸಾವಿನ ಭಯದಲ್ಲಿ ಹಿಂಡಿ ತೆಗೆದರಲ್ಲ ಎಂಬ ಸಂಕಟ ಅದನ್ನು ಓದುವಾಗ ಬಿಡುವುದಿಲ್ಲ.

ಜಗಳ, ಶಾಪ, ಸತ್ತ ಹಸು

ಆರೋಪಕ್ಕೆ ಗುರಿಯಾದವರಲ್ಲಿ ಬಹುಪಾಲು ಸಾಧಾರಣ ಮನೆಗಳ ನಡುವಯಸ್ಸಿನ, ಮುದಿವಯಸ್ಸಿನ ಹೆಂಗಸರು. ಅವರೆಲ್ಲ ಸೂಲಗಿತ್ತಿಯರು, ಮದ್ದು ಬಲ್ಲವರು ಎಂಬ ಮಾತು ಜನಪ್ರಿಯವಾದರೂ ದಾಖಲೆಗಳಲ್ಲಿ ಅಂಥವರ ಪಾಲು ಚಿಕ್ಕದು. ಹೆಚ್ಚಾಗಿ ಕಾಣುವುದು ನೆರೆಹೊರೆಯ ಜಗಳ. ಹಾಲು ಕೇಳಿದಳು, ಕೊಡಲಿಲ್ಲ, ಗೊಣಗುತ್ತ ಹೋದಳು, ವಾರದಲ್ಲಿ ಹಸು ಸತ್ತಿತು. ಸಾಲದ ವಿಷಯಕ್ಕೆ ಬೈದಳು, ಮಗು ಜ್ವರ ಹಿಡಿದು ಮಲಗಿತು. ಇಂಥವು ಹತ್ತಾರು ವರ್ಷ ಊರಿನ ನೆನಪಿನಲ್ಲಿ ಕೂಡಿಕೊಳ್ಳುತ್ತಿದ್ದವು. ಯಾವಾಗಲೋ ಅಲೆ ಎದ್ದಾಗ ಅವೆಲ್ಲ ಒಟ್ಟಿಗೆ ಸಾಕ್ಷ್ಯವಾಗಿ ಹೊರಬರುತ್ತಿದ್ದವು. ಗಂಡಸು ಬೈದರೆ ಕೈಮಾಡಬಲ್ಲ, ಕೋರ್ಟಿಗೆ ಹೋಗಬಲ್ಲ. ಬಡ ಹೆಂಗಸಿಗೆ ಇದ್ದದ್ದು ನಾಲಿಗೆಯೊಂದೇ, ಅದನ್ನೇ ಊರು ಆಯುಧವೆಂದು ಹೆದರಿತು.

ಆ ಕಾಲದ ಹೆಸರಾಂತ ವಕೀಲ ಸರ್ ಜಾರ್ಜ್ ಮೆಕೆಂಜಿ 1678ರಲ್ಲಿ ಅಚ್ಚಾದ ತನ್ನ ಕಾನೂನು ಗ್ರಂಥದಲ್ಲಿ ಒಂದು ಭೇಟಿಯನ್ನು ದಾಖಲಿಸಿದ್ದಾನೆ. ತಪ್ಪೊಪ್ಪಿಕೊಂಡು ಸೆರೆಯಲ್ಲಿದ್ದ ಹೆಂಗಸೊಬ್ಬಳು ಅವನಿಗೆ ಗುಟ್ಟಿನಲ್ಲಿ ಹೇಳಿದಳು: ತಾನು ತಪ್ಪು ಮಾಡಿಲ್ಲ. ತಾನು ಕೂಲಿ ಮಾಡಿ ಉಣ್ಣುವವಳು. ಒಮ್ಮೆ ಮಾಟಗಾತಿ ಎಂಬ ಹೆಸರು ಬಿದ್ದ ಮೇಲೆ ಇನ್ನಾರೂ ಅನ್ನ ಕೊಡುವುದಿಲ್ಲ, ಸೂರು ಕೊಡುವುದಿಲ್ಲ, ಗಂಡಸರು ಹೊಡೆಯುತ್ತಾರೆ, ನಾಯಿ ಛೂಬಿಡುತ್ತಾರೆ. ಬದುಕುವುದಕ್ಕಿಂತ ಸಾಯುವುದೇ ಮೇಲೆಂದು ಒಪ್ಪಿಕೊಂಡೆ. ಹೀಗೆಂದು ಅವಳು ಬಿಕ್ಕಿಬಿಕ್ಕಿ ಅತ್ತಳು. ಮೆಕೆಂಜಿ ಮಾಟ ಸುಳ್ಳೆಂದು ವಾದಿಸಿದವನಲ್ಲ. ಆದರೆ ಇಂಥ ಹೇಳಿಕೆಯನ್ನು ನಂಬಿ ಕೊಲ್ಲಬಾರದೆಂಬುದು ಅವನಿಗೆ ಮನವರಿಕೆಯಾಗಿತ್ತು.

ಬೇಟೆ ನಿಂತ ಬಗೆ

ವಿಜ್ಞಾನದ ಬೆಳಕು ಬಂತು, ಮೂಢನಂಬಿಕೆ ಓಡಿತು ಎಂದು ಬರೆದುಬಿಡುವುದು ಸುಲಭ. ನಡೆದದ್ದು ಹಾಗಲ್ಲ. ಸುಮಾರು 660 ಜನರನ್ನು ಆರೋಪಕ್ಕೆ ಗುರಿಮಾಡಿದ 1661–62ರ ಅಲೆ ಇಳಿಯುತ್ತಿದ್ದಾಗ, ಪ್ರಿವಿ ಕೌನ್ಸಿಲ್ ಅಪ್ಪಣೆಯಿಲ್ಲದೆ ಬಂಧಿಸಬೇಡಿ, ಚುಚ್ಚಬೇಡಿ, ನಿದ್ದೆಗೆಡಿಸಬೇಡಿ ಎಂದು ಆದೇಶ ಹೊರಡಿಸಿತು. 1672ರಲ್ಲಿ ಎಡಿನ್‌ಬರೋದಲ್ಲಿ ಕ್ರಿಮಿನಲ್ ಮೊಕದ್ದಮೆಗಳ ಉಚ್ಚ ನ್ಯಾಯಾಲಯ ಸ್ಥಾಪನೆಯಾಯಿತು. ಊರ ಜಮೀನ್ದಾರನ ಬದಲು ಕಾನೂನು ಓದಿದ, ಆರೋಪಿಯ ಜೊತೆ ಹಳೆಯ ಜಗಳವಿಲ್ಲದ ನ್ಯಾಯಾಧೀಶರು ಕೇಳತೊಡಗಿದರು: ಈ ತಪ್ಪೊಪ್ಪಿಗೆ ಪಡೆದದ್ದು ಹೇಗೆ? ಬೈಗುಳಕ್ಕೂ ಹಸು ಸತ್ತದ್ದಕ್ಕೂ ಸಂಬಂಧವೇನು? ಅವರಲ್ಲೂ ಅನೇಕರು ಮಾಟವನ್ನು ನಂಬಿದವರೇ. ಪುರಾವೆ ಕೇಳಿದರು, ಅಷ್ಟೇ. ಅಷ್ಟಕ್ಕೇ ಶಿಕ್ಷೆಗಳ ಸಂಖ್ಯೆ ಕುಸಿಯಿತು.

ಪುರಾವೆಯ ಹಿಡಿತ ಸಡಿಲಿದಲ್ಲಿ ಸಾವು ಮತ್ತೆ ತಲೆಯೆತ್ತಿತು. 1697ರಲ್ಲಿ ಹನ್ನೊಂದರ ಹುಡುಗಿ ಕ್ರಿಶ್ಚಿಯನ್ ಶಾ ತನಗೆ ಮಾಟ ಮಾಡಿದ್ದಾರೆಂದು ಹೇಳಿದ್ದಕ್ಕೆ ಪೇಸ್ಲಿಯಲ್ಲಿ ಆರು ಜನರನ್ನು ಕೊಂದರು. 1704ರಲ್ಲಿ ಟಾರಿಬರ್ನ್ ಎಂಬ ಕಡಲೂರಿನ ಲಿಲಿಯಸ್ ಏಡಿ ಸೆರೆಯಲ್ಲೇ ಸತ್ತಳು. ಕೂಟದಲ್ಲಿದ್ದವರ ಹೆಸರು ಹೇಳೆಂದು ಪೀಡಿಸಿದಾಗ ಆ ಮುದುಕಿ, ಅವರು ಮುಖಕ್ಕೆ ಮುಸುಕು ಹಾಕಿದ್ದರು, ಗುರುತು ಸಿಗಲಿಲ್ಲ ಎಂದಿದ್ದಳು. ಆ ಒಂದು ಮಾತಿನಿಂದ ಎಷ್ಟು ನೆರೆಯವರ ಜೀವ ಉಳಿಯಿತೋ. ಅವಳು ಮತ್ತೆ ಎದ್ದು ಬಂದಾಳೆಂಬ ಭಯಕ್ಕೆ ಊರವರು ಉಬ್ಬರ ಇಳಿತಗಳ ನಡುವಿನ ಕೆಸರಿನಲ್ಲಿ ಹೂತು ಮೇಲೆ ಚಪ್ಪಡಿ ಎಳೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕುತೂಹಲಿಗಳು ಗೋರಿ ಅಗೆದು ತಲೆಬುರುಡೆ ಒಯ್ದರು. ಅದರ ಹಳೆಯ ಛಾಯಾಚಿತ್ರಗಳ ನೆರವಿನಿಂದ 2017ರಲ್ಲಿ ಡಂಡೀ ವಿಶ್ವವಿದ್ಯಾಲಯದ ತಜ್ಞರು ಅವಳ ಮುಖವನ್ನು ಮರುರೂಪಿಸಿದರು.

1705ರಲ್ಲಿ ಪಿಟನ್‌ವೀಮ್‌ನಲ್ಲಿ ಜಾನೆಟ್ ಕಾರ್ನ್‌ಫುಟ್ ಎಂಬವಳನ್ನು ಜನರೇ ಹೊಡೆದು, ಕಲ್ಲು ಹೇರಿ ಕೊಂದರು. ಕಾನೂನು ಕೈಬಿಟ್ಟ ಕೆಲಸವನ್ನು ಬೀದಿ ಎತ್ತಿಕೊಂಡಿತು. ಉತ್ತರದ ಡಾರ್ನಕ್‌ನಲ್ಲಿ 1727ರಲ್ಲಿ ಸತ್ತ, ಜಾನೆಟ್ ಹಾರ್ನ್ ಎಂಬ ಹೆಸರಿನಿಂದ ನೆನಪಾಗಿ ಉಳಿದ ಮುದುಕಿಯೇ ಕೊನೆಯವಳು. ಕೈಕಾಲು ಸೊಟ್ಟಗಿದ್ದ ಸ್ವಂತ ಮಗಳನ್ನು ಕುದುರೆ ಮಾಡಿ ಸೈತಾನನಿಂದ ಲಾಳ ಹೊಡೆಸಿದಳೆಂಬುದು ಅವಳ ಮೇಲಿನ ಆರೋಪ. ಡಾರ್ನಕ್‌ನಲ್ಲಿ ಅವಳ ನೆನಪಿಗೆ ಇರುವ ಕಲ್ಲಿನ ಮೇಲೆ ಮಾತ್ರ 1722 ಎಂಬ ವರ್ಷ ಕೆತ್ತಿದೆ.

1736ರಲ್ಲಿ ಹಳೆಯ ಶಾಸನ ರದ್ದಾಯಿತು. ಅಂದಿನಿಂದ ಮಾಟ ಬಲ್ಲೆನೆಂದು ನಂಬಿಸಿ ಮೋಸ ಮಾಡುವುದಷ್ಟೇ ಅಪರಾಧವಾಯಿತು. ಏಳು ವರ್ಷಗಳ ಬಳಿಕವೂ, 1743ರಲ್ಲಿ, ಮುಖ್ಯ ಚರ್ಚಿನಿಂದ ಬೇರ್ಪಟ್ಟಿದ್ದ ಪಾದ್ರಿಗಳ ಒಂದು ಬಣ ಆ ರದ್ದತಿಯನ್ನು ನಾಡಿನ ಪಾಪಗಳ ಪಟ್ಟಿಯಲ್ಲಿ ಸೇರಿಸಿತು. ನಂಬಿಕೆ ಜನರ ನಡುವೆ ಇದ್ದೇ ಇತ್ತು. ಅದರ ಬೆನ್ನಿಗೆ ರಾಜ್ಯದ ಬಲ ಇಲ್ಲವಾದ್ದರಿಂದ ಹೆಂಗಸರು ಬದುಕಿದರು.

ತಡವಾಗಿ ಬಂದ ಕ್ಷಮೆ

2022ರ ಮಾರ್ಚ್ 8ರ ಮಹಿಳಾ ದಿನದಂದು ಸ್ಕಾಟ್ಲೆಂಡಿನ ಅಂದಿನ ಪ್ರಧಾನ ಸಚಿವೆ ನಿಕೊಲಾ ಸ್ಟರ್ಜನ್ ಸಂಸತ್ತಿನಲ್ಲಿ ಎದ್ದು ನಿಂತು, ಮಾಟದ ಶಾಸನದಡಿ ಹಿಂಸೆಗೊಳಗಾದ ಎಲ್ಲರ ಕ್ಷಮೆ ಕೋರಿದರು. ಅದೇ ಮೇ ತಿಂಗಳಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡಿನ ಮಹಾಸಭೆಯೂ ತನ್ನ ಪಾಲಿನ ತಪ್ಪಿಗೆ ಕ್ಷಮೆ ಕೇಳಿತು. ಇದರ ಹಿಂದೆ ವಕೀಲೆ ಕ್ಲೇರ್ ಮಿಚೆಲ್ ಮತ್ತು ಲೇಖಕಿ ಜೋಯಿ ವೆಂಡಿಟೋಜಿ ಅವರ ‘ವಿಚಸ್ ಆಫ್ ಸ್ಕಾಟ್ಲೆಂಡ್’ ಅಭಿಯಾನವಿತ್ತು. ಕ್ಷಮೆ, ಕಾನೂನಿನ ಮೂಲಕ ಕಳಂಕ ನಿವಾರಣೆ, ರಾಷ್ಟ್ರೀಯ ಸ್ಮಾರಕ ಎಂಬ ಮೂರು ಅವರ ಬೇಡಿಕೆಗಳು.

ಸತ್ತು ಮುನ್ನೂರು ವರ್ಷವಾದವರಿಗೆ ಕ್ಷಮೆಯಿಂದೇನು ಎಂದು ಕೇಳುವವರಿದ್ದಾರೆ. ಮಾಟದ ಆರೋಪ ಹೊರಿಸಿ ಹೆಂಗಸರನ್ನು ಕೊಲ್ಲುವುದು ಹಲವು ದೇಶಗಳಲ್ಲಿ ಇಂದಿಗೂ ನಿಂತಿಲ್ಲ ಎಂಬುದನ್ನು ಸ್ಟರ್ಜನ್ ಅದೇ ಭಾಷಣದಲ್ಲಿ ನೆನಪಿಸಿದರು. ಭಾರತವೂ ಹೊರತಲ್ಲ, ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಇದರ ವಿರುದ್ಧ ಕಾನೂನು ಮಾಡಬೇಕಾಗಿ ಬಂತು. 2021ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಈ ಬಗ್ಗೆ ಪ್ರತ್ಯೇಕ ನಿರ್ಣಯ ಅಂಗೀಕರಿಸಿತು.

ಕ್ಷಮೆ ಬೇಕಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಸಾವುಗಳನ್ನು ಮೂಢ ಜನರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಕೊಂದದ್ದು ಪ್ರಭುತ್ವ, ಕಾನೂನಿನ ಹೆಸರಿನಲ್ಲಿ. ಹೊಣೆ ಹೊರಬೇಕಾದದ್ದೂ ಪ್ರಭುತ್ವವೇ. ಊರಿಗೆ ಬೇಡವಾದವಳನ್ನು ಊರಿನ ಸಿಟ್ಟಿನಿಂದ ಕಾಪಾಡುವುದಕ್ಕೆ ನ್ಯಾಯಾಲಯವಿರುವುದು. ಎಲ್ಲರೂ ತಪ್ಪಿತಸ್ಥಳೆಂದು ಬೆರಳು ತೋರಿದಾಗ, ಅವಳೇ ಹೌದೆಂದು ಒಪ್ಪಿದಾಗಲೂ, ‘ಪುರಾವೆ ಎಲ್ಲಿ? ಈ ಒಪ್ಪಿಗೆ ಪಡೆದದ್ದು ಹೇಗೆ?’ ಎಂದು ಕೇಳುವ ಒಬ್ಬ ನ್ಯಾಯಾಧೀಶ ಬೇಕು. ಸ್ಕಾಟ್ಲೆಂಡ್ ಆ ಪ್ರಶ್ನೆ ಕೇಳುವುದನ್ನು ಕಲಿಯುವಷ್ಟರಲ್ಲಿ ಸುಮಾರು 2,500 ಜೀವಗಳು ಹೋಗಿದ್ದವು. ಇಷ್ಟು ಬೆಲೆ ತೆತ್ತು ಕಲಿತ ಪಾಠವನ್ನು ಯಾವ ದೇಶವೂ ಮತ್ತೆ ಮೊದಲಿನಿಂದ ಕಲಿಯುವಂತಾಗಬಾರದು.